ಮೂರನೆಯ ಮೂಗು

ಬಿಲ್ಲು ಎಳೆಯುವುದು ನನ್ನ ಕೆಲಸ.
ಹಿಂದಕ್ಕೆ, ಮುಂದಕ್ಕೆ. ತಿರುಗುವ ಮೊನೆಗೆ
ಒಂದು ತೊಟ್ಟು ಎಣ್ಣೆ, ಚಿಟಿಕೆ ಕುರುಂದದ ಪುಡಿ.
ಕೊರೆಯುವುದು ಪುಡಿ ಕಣೋ, ಕಬ್ಬಿಣ ಬರೀ ಅದರ ಕುದುರೆ
ಎನ್ನುತ್ತಿದ್ದ ಥಲ್ಲೋಸ್.
ಕುದುರೆ ಓಡಿಸುವವನ ಬಗ್ಗೆ ಏನೂ ಹೇಳಲಿಲ್ಲ.

ಕಲ್ಲು ಬಂದದ್ದು ಮೆಣಸಿನ ಹಡಗಿನಲ್ಲಿ.
ಎರಡು ಅಂಗೈ ಜೋಡಿಸಿದಷ್ಟು ಅಗಲ.
ಮೇಲೆ ಜೇನುಗಂದು, ನಡುವೆ ಹಾಲಿನ ಕೆನೆ,
ಅಡಿಯಲ್ಲಿ ಇರುಳು.
ಚೀಲ ಬಿಚ್ಚಿದಾಗ ಘಾಟಿಗೆ ಸೀನಿದೆ,
ಕಲ್ಲು ಕೈ ಜಾರೀತೆಂದು ಬೆನ್ನಿಗೆ ಬಿತ್ತು ಒಂದು.

ಅರಮನೆಯ ಫೀಲೇರೋಸ್ ಮೇಣದ ಹಲಗೆ ನೋಡಿ ಓದಿದ:
ನಡುವೆ ದೊರೆ, ಜೂಪಿಟರನ ಪೀಠ, ಬರಿಗಾಲು.
(ದೇವರಾದವರಿಗೆ ಕೆರವಿಲ್ಲ. ನನಗೂ ಇಲ್ಲ.)
ಮಗ್ಗುಲಲ್ಲಿ ರಾಣಿ, ಕೈಯಲ್ಲಿ ಗೋಧಿಯ ತೆನೆ.
ಮೋಡದ ಮೇಲೆ ತೀರಿಕೊಂಡ ಅಜ್ಜ, ಮೆಚ್ಚಿಕೊಂಡು.
ರಥ ಇಳಿಯುತ್ತಿರುವ ಹುಡುಗ, ನಾಳೆಯ ದೊರೆ.
‘ಮೂಗು ಅಜ್ಜನದೇ ಇರಲಿ.’
ಹುಡುಗನದು ಹಾಗಿಲ್ಲವಲ್ಲ ಸ್ವಾಮಿ?
‘ಇರಲಿ ಅಂದೆ.’
ಆಮೇಲೆ, ಬಾಗಿಲ ಹತ್ತಿರ ಹೋದವನು, ನೆನೆದುಕೊಂಡು:
‘ಕೆಳಗೆ ಸೋತವರು. ಹಿಡಿಸಿದಷ್ಟು.’

ಹನ್ನೊಂದು ತಿಂಗಳು.
ನೀರು ತುಂಬಿದ ಗಾಜಿನ ಬುರುಡೆಯ ಹಿಂದೆ ದೀಪ,
ಬುರುಡೆಯಿಂದ ಬಿದ್ದ ಬೆಳಕಿನ ಕಾಸಿನಗಲದಲ್ಲಿ
ಒಂದು ಕಿವಿ, ಒಂದು ಗೊರಸು, ಹದ್ದಿನ ಅರ್ಧ ರೆಕ್ಕೆ.
ಹುಡುಗನ ಮೂಗು ಮುಗಿದ ವಾರ
ಹುಡುಗ ಸತ್ತ.
ಸಿರಿಯಾದ ಜ್ವರ ಎಂದು ಡಂಗುರ. ಅಡುಗೆಮನೆಯವರು
ಏನೂ ಹೇಳದೆ ಪಾತ್ರೆ ತಿಕ್ಕಿದರು.

‘ತಮ್ಮನನ್ನು ಮಾಡು.’

ಮಣ್ಣಾಗಿದ್ದರೆ ಮೆತ್ತಬಹುದಿತ್ತು,
ಮೇಣವಾಗಿದ್ದರೆ ಒತ್ತಬಹುದಿತ್ತು.
ಕಲ್ಲಿಗೆ ಸೇರಿಸಿಕೊಳ್ಳುವುದು ಗೊತ್ತಿಲ್ಲ.
ಅಣ್ಣನನ್ನು ತೇದು ತೇದು
ಅವನೊಳಗೇ ತಮ್ಮನನ್ನು ಹುಡುಕಿದ ಥಲ್ಲೋಸ್.
ಕೆನ್ನೆ ಒಂದು ಕೂದಲೆಳೆ ಒಳಗೆ ಹೋಯಿತು.
ಮೂಗು ಸಣ್ಣದಾಯಿತು, ಆದರೂ ಅಜ್ಜನದೇ.

ಮುಂದಿನ ಸುಗ್ಗಿಗೆ ತಮ್ಮ ಒಂದು ದ್ವೀಪಕ್ಕೆ ಹೋದ.
ಯಾವ ದ್ವೀಪ ಎಂದು ಕೇಳಬಾರದು.
ಹೆಸರೂ ಹೇಳಬಾರದು. ಈಗ ರಾಣಿಯ ಅಕ್ಕನ ಮಗ,
ಅಜ್ಜನಿಗೆ ಯಾವ ಕಡೆಯಿಂದಲೂ ನೆಂಟನಲ್ಲದವನು.
ಅವನಿಗೂ ಅದೇ ಮೂಗು.
ಮತ್ತೆ ಎಣ್ಣೆ, ಮತ್ತೆ ಪುಡಿ, ಹಿಂದಕ್ಕೆ, ಮುಂದಕ್ಕೆ.
ಕೆನೆ ತೆಳುವಾಗಿ ಅಡಿಯ ಇರುಳು
ಗದ್ದದಲ್ಲಿ ನೀಲಿಯಾಗಿ ಮೂಡಿತು.
ಥಲ್ಲೋಸನ ಕೈ ನಡುಗಿದ್ದನ್ನು ಮೊದಲ ಸಲ ಕಂಡೆ.
ಫೀಲೇರೋಸ್ ಬಗ್ಗಿ ನೋಡಿದ. ‘ಗಡ್ಡ ಮೊಳೆಯುತ್ತಿದೆಯೇ? ಭೇಷ್.’

ಒಂದು ರಾತ್ರಿ ಥಲ್ಲೋಸ್ ಕೇಳಿದ್ದ:
ಬಿಥೂಸ್, ನಿನ್ನ ತಾಯಿ ಹೇಗಿದ್ದಳು?
ಥ್ರೇಸಿನ ಬೆಟ್ಟ ನೆನಪಿಲ್ಲ, ಅವಳ ಮುಖವೂ ಇಲ್ಲ.
ಓಲೆ ಕಿತ್ತುಕೊಂಡಾಗ ಹರಿದ ಎಡಗಿವಿ, ಅಷ್ಟು ಗೊತ್ತು.
ಅವನು ಹೂಂ ಎಂದ. ಬಿಲ್ಲು ಎಳಿ ಎಂದ.
ಬೆಳಗಾದಾಗ ಸೋತವರ ಸಾಲಿನ ತುದಿಯಲ್ಲಿ
ಕೂದಲು ಕೆದರಿ ಕೂತ ಹೆಂಗಸು,
ಮೊಣಕಾಲ ಮೇಲೆ ಗಲ್ಲ.
ಕಿವಿ ಎಷ್ಟು ಸಣ್ಣದೆಂದರೆ
ಹರಿದದ್ದು ಗೊತ್ತಾಗಲು ಮೊದಲೇ ಗೊತ್ತಿರಬೇಕು.

ಔತಣದಲ್ಲಿ ಕಲ್ಲು ಕೈಯಿಂದ ಕೈಗೆ ಹೋಯಿತಂತೆ,
ಎಲ್ಲರೂ ಮೂಗು ಹೊಗಳಿದರಂತೆ.

ಇವತ್ತು ಕಲ್ಲು ಮತ್ತೆ ಬಂದಿದೆ, ಫೀಲೇರೋಸನ ಕಂಕುಳಲ್ಲಿ.
ಈ ಸಲ ಯಾರು ಎಂದು ನಾವು ಕೇಳಲಿಲ್ಲ.
ಥಲ್ಲೋಸನಿಗೆ ಈಗ ಬೆರಳೇ ಕಣ್ಣು.
ತಡವಿ ನೋಡಿ, ನೀನು ನೋಡು ಎಂದು ನನ್ನ ಕೈಗಿತ್ತ.
ದೀಪಕ್ಕೆ ಅಡ್ಡ ಹಿಡಿದೆ.
ನಾಳೆಯ ದೊರೆಯ ಕೆನ್ನೆಯಲ್ಲಿ ಉರಿ ಹಾದು
ಕೆಂಪಗೆ ನನ್ನ ಹೆಬ್ಬೆರಳು ಕಂಡಿತು.
ಕೆಳಗೆ, ತುದಿಯಲ್ಲಿ,
ಅವಳನ್ನು ಯಾರೂ ಬದಲಿಸಲು ಹೇಳಿರಲಿಲ್ಲ.
ಕೆನೆ ಪೂರ್ತಿ ಹಾಗೇ ಇತ್ತು.
ಬೆಳಕು ಅಲ್ಲಿ ನಿಂತಿತು.